ಯಜಮಾನರ ಮಾತು, ಬೇರೆಯವರ ದನಿ

ಕಳೆದ ತಿಂಗಳು ಮೈಸೂರಿನಿಂದ ಬರುವಾಗ ಶ್ರೀರಂಗಪಟ್ಟಣ ದಾಟಿದ ಮೇಲೆ ರಸ್ತೆ ಬದಿಯ ಒಂದು ಮುದ್ದೆ ಊಟದ ಹೋಟೆಲಿನಲ್ಲಿ ಇಳಿದೆವು. ಅಂಗಳದಲ್ಲಿ ಹಳೆಯದೊಂದು ಎತ್ತಿನ ಗಾಡಿ ನಿಲ್ಲಿಸಿದ್ದರು. ಬಂದವರು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳಲಿ ಅಂತ ನೊಗ ಕಟ್ಟುವ ಮೂಕಿಗೆ ಬಣ್ಣ ಹೊಡೆದು, ಚಕ್ರಕ್ಕೆ ಸೀರಿಯಲ್ ಸೆಟ್ ಸುತ್ತಿದ್ದರು. ಯಾರೋ ಬಲ್ಲವರೇ ಇರಬೇಕು, ಅಚ್ಚಿಗೆ ಕೀಲೆಣ್ಣೆ ಕೂಡ ಹಾಕಿದ್ದರು. ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ನಾನು ಹಿಂದೆ ಬಾಡಿಗೆಗಿದ್ದ ಮನೆಯ ಯಜಮಾನರು ನೆನಪಾದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಆಗ ತಾನೇ ಪ್ರೈಮರಿ ಸ್ಕೂಲ್ ಮೇಷ್ಟ್ರ ಕೆಲಸ ಸಿಕ್ಕಿ, ನಾಗಮಂಗಲದ ಕಡೆಯ ನಮ್ಮ ಹಳ್ಳಿಯಿಂದ ಬಾಬುರಾಯನಕೊಪ್ಪಲಿಗೆ ಬಂದಿದ್ದೆ. ಮದುವೆಯಾಗಿರಲಿಲ್ಲ. ಒಂದು ದೊಡ್ಡ ಹೆಂಚಿನ ಮನೆಯ ಮುಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ಆ ಮನೆಯ ಯಜಮಾನರೇ ಇವರು. ಊರವರೆಲ್ಲ ಅವರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. ನಾನು ಮಾತ್ರ ಕೊನೆಯವರೆಗೂ ಯಜಮಾನ್ರೇ ಅಂತಲೇ ಕರೆದೆ. ಭತ್ತ, ಕಬ್ಬು ಬೆಳೆಯುತ್ತಿದ್ದರು, ಡೈರಿಗೆ ಹಾಲು ಹಾಕುತ್ತಿದ್ದರು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು. ದನಿ ಮಾತ್ರ ಗದ್ದೆಯ ಈ ಬದುವಿನಿಂದ ಆ ಬದುವಿಗೆ ತಲುಪುವಂಥದ್ದು.

ಮನೆಯಲ್ಲಿ ಅವರ ಹೆಂಡತಿ, ಹೈಸ್ಕೂಲಿಗೆ ಹೋಗುತ್ತಿದ್ದ ಮಗಳು, ಮತ್ತೆ ಅವರ ತಾಯಿ. ಆ ಅಜ್ಜಿಗೆ ಕಣ್ಣು ಹೋಗಿ ಬಹಳ ಕಾಲವಾಗಿತ್ತು. ಗೋಡೆ ಸವರಿಕೊಂಡು ಮನೆಯೆಲ್ಲ ಓಡಾಡುತ್ತಿದ್ದಳು, ಅವರೆಕಾಯಿ ಸುಲಿಯುತ್ತಿದ್ದಳು, ಹಟ್ಟಿಯಲ್ಲಿ ಯಾವ ಹಸು ಎದ್ದು ನಿಂತಿತು ಅನ್ನುವುದನ್ನು ಒಳಗೆ ಕೂತೇ ಹೇಳುತ್ತಿದ್ದಳು. ಕಣ್ಣಿದ್ದ ಕಾಲದಲ್ಲಿ ಟೆಂಟ್ ಸಿನಿಮಾ ಬಂದರೆ ಬಿಡುತ್ತಿರಲಿಲ್ಲವಂತೆ. ಕಣ್ಣು ಹೋದ ಮೇಲೆ ಮಗ ನೋಡಿಕೊಂಡು ಬಂದು ಕತೆ ಹೇಳಬೇಕು, ಅವಳು ಕೇಳಬೇಕು. ಅದೇ ಪದ್ಧತಿಯಾಗಿತ್ತು.

ನನಗೂ ಸಿನಿಮಾ ಹುಚ್ಚು. ಅದು ಗೊತ್ತಾದ ವಾರವೇ ಯಜಮಾನರು ತಮ್ಮ ಮೊಪೆಡ್ಡಿನ ಹಿಂದೆ ನನ್ನನ್ನು ಕೂರಿಸಿಕೊಂಡು ಪಟ್ಟಣಕ್ಕೆ ಕರೆದುಕೊಂಡು ಹೋದರು. ಪಟ್ಟಣ ಅಂದರೆ ಶ್ರೀರಂಗಪಟ್ಟಣ. ಆಮೇಲೆ ಭಾನುವಾರ ಬಂತೆಂದರೆ ಮ್ಯಾಟ್ನಿ ಖಾಯಂ. ಪಟ್ಟಣದಲ್ಲಿ ಸಿನಿಮಾ ಬದಲಾಗಿಲ್ಲವೆಂದರೆ ಪಾಂಡವಪುರ. ಅವರ ತಂಗಿಯನ್ನು ಸಿಂಧಘಟ್ಟಕ್ಕೆ ಕೊಟ್ಟಿದ್ದರು, ಅಲ್ಲಿಗೆ ಹೋದರೆ ಬರುವಾಗ ಕೆ.ಆರ್. ಪೇಟೆಯಲ್ಲಿ ಒಂದು ನೋಡಿಯೇ ಬರಬೇಕು. ಪಾಂಡವಪುರದ ಟಾಕೀಸು ಮಾತ್ರ ಅವರಿಗೆ ಹಿಡಿಸುತ್ತಿರಲಿಲ್ಲ. ಅಲ್ಲಿಯ ಫ್ಯಾನುಗಳ ಸದ್ದಿನಲ್ಲಿ ಅರ್ಧ ಮಾತು ಹೋಗಿಬಿಡುತ್ತದೆ ಅನ್ನುತ್ತಿದ್ದರು.

ಮೊದಮೊದಲು ನನಗೆ ಅವರ ಈ ಮಾತಿನ ಹುಚ್ಚು ವಿಚಿತ್ರವಾಗಿ ಕಾಣುತ್ತಿತ್ತು. ನಾನು ಸಿನಿಮಾವನ್ನು ಕಣ್ಣಿನಿಂದ ನೋಡುವವನು. ಹಳೆಯ ಕಪ್ಪುಬಿಳುಪು ಸಿನಿಮಾಗಳಲ್ಲಿ ಮುಖದ ಅರ್ಧಕ್ಕೆ ಬೆಳಕು ಬಿಟ್ಟು ಅರ್ಧ ನೆರಳಿನಲ್ಲಿ ಇಡುತ್ತಿದ್ದರಲ್ಲ, ಅದಕ್ಕೆ ಸಮನಾದದ್ದು ಬಣ್ಣದ ಚಿತ್ರಗಳಲ್ಲಿ ಬರಲೇ ಇಲ್ಲ ಅನ್ನುವುದು ನನ್ನ ವಾದ. ಇವತ್ತಿಗೂ ಅದೇ ವಾದ. ಅವರಿಗೆ ಅದು ಬೇಕಿರಲಿಲ್ಲ. ಸಿನಿಮಾದ ನಡುವೆ ಕಣ್ಣು ಮುಚ್ಚಿಕೊಂಡು ಕೂತುಬಿಡುತ್ತಿದ್ದರು. ನಿದ್ದೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. ಒಂದು ಸಲ ಮನೆಗೆ ಬಂದ ಮೇಲೆ ಅಜ್ಜಿಗೆ ಕತೆ ಹೇಳುವುದನ್ನು ಕೇಳಿದಾಗ ಗೊತ್ತಾಯಿತು. ಯಾರು ಏನು ಹೇಳಿದರು, ಹೇಗೆ ಹೇಳಿದರು, ಎಲ್ಲಿ ಉಸಿರು ಎಳೆದರು, ಎಲ್ಲವನ್ನೂ ಹಾಗೆಹಾಗೇ ಒಪ್ಪಿಸುತ್ತಿದ್ದರು. ತಾಯಿಗಾಗಿ ಕೇಳಿ ಕೇಳಿ ಅವರ ಸಿನಿಮಾ ಕಿವಿಗೆ ಇಳಿದುಬಿಟ್ಟಿತ್ತು.

ಹಾಗಾಗಿ ಅವರ ತಕರಾರೆಲ್ಲ ಮಾತಿನ ಮೇಲೇ. ಪುರಾಣದ ಸಿನಿಮಾಗಳಲ್ಲಿ ರಾಜರು ಪುಸ್ತಕದ ಹಾಗೆ ಮಾತಾಡಿದರೆ ಒಪ್ಪಿಕೊಳ್ಳುತ್ತಿದ್ದರು. ರಾಜ ಹೇಗೆ ಮಾತಾಡುತ್ತಿದ್ದನೋ ನಾವೇನು ಕಂಡಿದ್ದೀವಾ ಅನ್ನುವುದು ಅವರ ಲೆಕ್ಕಾಚಾರ. ಆದರೆ ಹಳ್ಳಿಯ ಕತೆ ಅಂತ ತೆಗೆದು, ನೇಗಿಲು ಹಿಡಿದ ಗೌಡ ಬಾಯಿಬಿಟ್ಟ ಕೂಡಲೇ ಇವರು ಸೀಟಿನಲ್ಲಿ ಮಿಸುಕಾಡಲು ಶುರು ಮಾಡುತ್ತಿದ್ದರು. ಪಾಂಡವಪುರದಿಂದ ಬರುವಾಗ ಒಮ್ಮೆ ಮೊಪೆಡ್ಡು ನಿಲ್ಲಿಸಿ ಕೇಳಿದರು.

"ಮೇಷ್ಟ್ರೆ, ನೀವೇ ಯೋಳಿ. ನಮ್ ಮಾತಾಡೋನು ಒಂದೋ ಜೋಕರು, ಇಲ್ಲಾಂದ್ರೆ ಕಳ್ಳ. ಈರೋ ಅದೇ ಊರಲ್ಲುಟ್ಟಿ, ಅದೇ ಅವ್ವನ ಆಲು ಕುಡುದ್ರೂ ರೇಡಿಯೋ ವಾರ್ತೆ ಓದ್ದಂಗೆ ಮಾತಾಡ್ತನೆ. ಅವ್ನ್ಗೆ ಯಾರು ಕಲ್ಸುದ್ರು?"

ಕ್ಲಾಸಿನಲ್ಲಿ ನಾನೇ 'ಅಂಗೆ' ಅಂದ ಮಕ್ಕಳನ್ನು 'ಹಾಗೆ' ಅಂತ ತಿದ್ದುತ್ತಿದ್ದವನು. ಎಲ್ಲರಿಗೂ ಅರ್ಥವಾಗಬೇಕಲ್ಲ ಯಜಮಾನ್ರೇ, ಬೀದರಿನವರೂ ನೋಡುತ್ತಾರೆ, ಮಂಗಳೂರಿನವರೂ ನೋಡುತ್ತಾರೆ ಅಂದೆ. ಅಷ್ಟು ಅರ್ಥವಾಗದ ಮಾತಾದರೆ ಜೋಕರು ಆಡಿದಾಗ ಎಲ್ಲರೂ ನಗುವುದು ಹೇಗೆ ಅಂತ ಕೇಳಿ ಮೊಪೆಡ್ಡು ಹೊರಡಿಸಿದರು.

ಒಂದು ವರ್ಷ ಭತ್ತದ ಕುಯಿಲು ಮುಗಿದ ಸಮಯದಲ್ಲಿ ಕರಿಘಟ್ಟದ ಬುಡದಲ್ಲಿ ಶೂಟಿಂಗ್ ಬಂತು. ನಮ್ಮ ಕಡೆ ಶೂಟಿಂಗ್ ಹೊಸದಲ್ಲ. ಹೊಳೆ, ಕೋಟೆ, ಬೆಟ್ಟ ಎಲ್ಲ ಹತ್ತಿರ ಹತ್ತಿರ ಇದ್ದುದರಿಂದ ಯಾರಾದರೂ ಬರುತ್ತಲೇ ಇದ್ದರು. ಈ ಸಲ ಅವರಿಗೆ ಒಂದು ಎತ್ತಿನ ಗಾಡಿ ಬೇಕಾಗಿತ್ತು. ಯಜಮಾನರ ಜೋಡಿ ಎತ್ತು ಆ ಸುತ್ತಿನಲ್ಲೇ ಹೆಸರಾದವು. ಬಂದು ಕೇಳಿದರು, ಇವರು ಗಾಡಿ ಹೂಡಿಕೊಂಡು ಹೊರಟರು. ಭಾನುವಾರವಾದ್ದರಿಂದ ನಾನೂ ಹತ್ತಿ ಕೂತೆ.

ಸೀನು ಇಷ್ಟೇ. ಮನೆ ಬಿಟ್ಟು ಹೋದ ಹೀರೋ ವರ್ಷಗಳಾದ ಮೇಲೆ ಊರಿಗೆ ನಡೆದುಕೊಂಡು ಬರುತ್ತಾನೆ. ಎದುರಿಗೆ ಗಾಡಿಯಲ್ಲಿ ಬರುವ ರೈತನೊಬ್ಬ ಗುರುತು ಹಿಡಿದು ಗಾಡಿ ನಿಲ್ಲಿಸಿ, ನಿನ್ನ ತಾಯಿ ಕಾಯುತ್ತಿದ್ದಾಳೆ ಅಂತ ಹೇಳಬೇಕು. ರೈತನ ಪಾತ್ರಕ್ಕೆ ಅಂತ ಕರೆತಂದಿದ್ದವನಿಗೆ ಎತ್ತುಗಳು ಬಗ್ಗಲಿಲ್ಲ. ಅವನು ಹಗ್ಗ ಮುಟ್ಟಿದರೆ ಹಿಂದೆ ಹಿಂದೆ ಹೋಗುತ್ತಿದ್ದವು. ಬಿಸಿಲು ಇಳಿಯುತ್ತಿತ್ತು. ಡೈರೆಕ್ಟರು ಕನ್ನಡಕ ಹಾಕಿದ್ದ ಎಳೆಯ ಮನುಷ್ಯ. ಯಜಮಾನರ ಮುಖವನ್ನು ಸ್ವಲ್ಪ ಹೊತ್ತು ನೋಡಿ, ನೀವೇ ಹೇಳಿಬಿಡಿ ಅಂದ. ಬರೆದಿದ್ದ ಮಾತನ್ನು ಒಬ್ಬ ಓದಿ ಹೇಳಿಕೊಟ್ಟ. "ಅಯ್ಯೋ ಬುದ್ಧೀ, ನಿಮ್ಮ ತಾಯಿಯೋರು ಅಗಲೂ ರಾತ್ರಿ ನಿಮ್ ದಾರೀನೇ ಕಾಯ್ತಾ ಔರೆ ಕಣ್ ಬುದ್ಧೀ" ಅಂತೇನೋ ಇತ್ತು.

ಯಜಮಾನರು ಗಾಡಿಯ ಮೇಲಿಂದಲೇ ಅದು ಆಗುವುದಿಲ್ಲ ಅಂದರು. ಊರ ಹುಡುಗನಿಗೆ ಯಾರೂ ಒಡೆಯರಿಗೆ ಅನ್ನುವ ಹಾಗೆ ಬುದ್ಧಿ ಅನ್ನುವುದಿಲ್ಲ, ಎಷ್ಟೋ ದಿನದ ಮೇಲೆ ಕಂಡವನ ಮುಂದೆ ಯಾರೂ ಅಷ್ಟುದ್ದ ಮಾತಾಡುವುದಿಲ್ಲ ಅಂದರು. ಹಾಗಾದರೆ ನೀವು ಹೇಗೆ ಹೇಳುತ್ತೀರಿ ಅಂತ ಡೈರೆಕ್ಟರು ಕೇಳಿದ. ಇವರು ಹಗ್ಗ ಜಗ್ಗಿ ಎತ್ತು ನಿಲ್ಲಿಸಿದರು. ಹೀರೋ ಕಡೆ ಪೂರ್ತಿ ತಿರುಗಲೂ ಇಲ್ಲ.

"ಎಲ್ಗೋಗಿದ್ಯಪ್ಪ ಇಷ್ಟ್ ದಿನ? ಮೊದ್ಲು ಮನ್ಗೋಗು. ನಿಮ್ಮವ್ವ ಉಣ್ದೆ ಕೂತವ್ಳೆ."

ಅಷ್ಟೇ. ಬೈಗುಳ ಇತ್ತೋ, ಕರುಣೆ ಇತ್ತೋ... ಎರಡೂ ಇದ್ದವು ಅನ್ನಿಸುತ್ತದೆ. ಡೈರೆಕ್ಟರು ಇದೇ ಬೇಕು, ಹೀಗೇ ಇರಲಿ ಅಂದ. ಎರಡು ಸಲ ತೆಗೆದರು. ಮುಗಿದ ಮೇಲೆ ಪ್ಯಾಡ್ ಹಿಡಿದುಕೊಂಡಿದ್ದ ಹುಡುಗನೊಬ್ಬ, ವಾಯ್ಸ್ ಬೇಕಾದರೆ ಹೇಳಿಕಳಿಸುತ್ತೇವೆ ಅಂದ. ಅದೇನೆಂದು ಅವರಿಗೂ ಅರ್ಥವಾಗಲಿಲ್ಲ, ನನಗೂ ಅರ್ಥವಾಗಲಿಲ್ಲ. ಆಡಿದ ಮಾತು ಅಲ್ಲೇ ಹಿಡಿದಿಟ್ಟಾಯಿತು ಅಂತಲೇ ನಾವು ತಿಳಿದಿದ್ದೆವು.

ಆ ಸಂಜೆ ಅಜ್ಜಿಯ ಮುಂದೆ ಆ ಮಾತನ್ನು ಹೇಳಿ ತೋರಿಸಿ ಅಂತ ಮಗಳು ಪೀಡಿಸಿದಳು. ಅವರು ಒಪ್ಪಲಿಲ್ಲ. ಟಾಕೀಸಿಗೆ ಕರೆದುಕೊಂಡು ಹೋಗುತ್ತೇನೆ, ಅಲ್ಲೇ ಕೇಳಲಿ ಅಂದರು.

ಸಿನಿಮಾ ಬಿಡುಗಡೆಯಾಗಲು ವರ್ಷವೇ ಹಿಡಿಯಿತು. ಮೊದಲು ಮೈಸೂರಿಗೆ ಬಂತು. ಅಲ್ಲಿ ನೋಡಿ ಬಂದ ಊರಿನ ಹುಡುಗರು, ನಿಮ್ಮ ಎತ್ತು ಬಲು ಚೆನ್ನಾಗಿ ಬಂದವೆ, ನೀವೂ ಚೆನ್ನಾಗಿ ಬಂದಿದ್ದೀರಿ ಅಂತ ಸುದ್ದಿ ತಂದರು. ನನಗೆ ತಡೆಯಲಾಗದೆ ಹೋಗಿ ಬರೋಣ ಅಂದೆ. ಯಜಮಾನರು ಕೇಳಲಿಲ್ಲ. ಅಜ್ಜಿಗೆ ಅಷ್ಟು ದೂರ ಬಸ್ಸಿನಲ್ಲಿ ಆಗುತ್ತಿರಲಿಲ್ಲ. ಅವಳ ಜೊತೆಗೇ ನೋಡಬೇಕು ಅಂತ ಪಟ್ಟು ಹಿಡಿದು ಕೂತರು.

ಕೊನೆಗೆ ಪಟ್ಟಣಕ್ಕೆ ಬಂತು. ಭಾನುವಾರ ಮ್ಯಾಟ್ನಿಗೆ ಅದೇ ಗಾಡಿಗೆ ಅದೇ ಎತ್ತು ಹೂಡಿ, ಹುಲ್ಲು ಹಾಸಿ ಮೇಲೆ ಜಮಖಾನ ಹಾಕಿ ಅಜ್ಜಿಯನ್ನು ಕೂರಿಸಿದರು. ಅಜ್ಜಿ ಪೆಟ್ಟಿಗೆಯಲ್ಲಿದ್ದ ಸೀರೆ ತೆಗೆಸಿ ಉಟ್ಟಿದ್ದಳು. ಟಾಕೀಸಿನಲ್ಲಿ ಅರ್ಧಕ್ಕರ್ಧ ನಮ್ಮೂರಿನವರೇ ತುಂಬಿದ್ದರು. ಯಜಮಾನರು ತಾಯಿಯ ಪಕ್ಕ ಕೂತು ಒಂದೊಂದನ್ನೇ ಪಿಸುಮಾತಿನಲ್ಲಿ ಹೇಳುತ್ತಾ ಹೋದರು. ಈಗ ಮನೆ ತೋರಿಸುತ್ತಿದ್ದಾರೆ, ಈಗ ಅವನು ರೈಲು ಹತ್ತಿದ...

ಇಂಟರ್‌ವಲ್ ಆದ ಸ್ವಲ್ಪ ಹೊತ್ತಿಗೆ ಆ ಸೀನು ಬಂತು. ಮೊದಲು ಎತ್ತು ಕಂಡವು, ಶಿಳ್ಳೆ ಬಿತ್ತು. ಆಮೇಲೆ ಯಜಮಾನರ ಮುಖ ತೆರೆಯ ತುಂಬ. ಹಿಂದೆ ಕರಿಘಟ್ಟ, ಮೇಲೆ ಮೋಡ. ಕಣ್ಣಿನಿಂದ ನೋಡುವವನಾದ ನನಗೆ ಮೈ ಜುಮ್ಮೆಂದಿತು. ಅವರ ಬಾಯಿ ತೆರೆಯಿತು. ಬಂದದ್ದು ಯಾರದೋ ದನಿ. ತೆಳ್ಳಗೆ, ಮೂಗಿನಿಂದ ಎಳೆದು ಎಳೆದು, "ಅಯ್ಯೋಯ್ಯೋ ಬುದ್ಧೀ, ನಿಮ್ ತಾಯಿಯೋರು..." ಅಂತ ಜೋಕರಿನ ಹಾಗೆ. ಪರದೆಯ ಮೇಲೆ ತುಟಿ ಮುಚ್ಚಿದ ಮೇಲೂ ಮಾತು ಓಡುತ್ತಲೇ ಇತ್ತು.

ಇಡೀ ಟಾಕೀಸು ನಕ್ಕಿತು. ನಮ್ಮೂರಿನವರೂ ನಕ್ಕರು. ಎಲ್ಲರ ಜೊತೆ ಅಜ್ಜಿಯೂ ನಕ್ಕಳು. ನಗು ಇಳಿದ ಮೇಲೆ ಮಗನ ತೋಳು ಹಿಡಿದು ಕೇಳಿದಳು:

"ನೀನ್ ಯಾವಾಗ್ ಬತ್ತೀಯ ಮಗ?"

ಯಜಮಾನರು ತೆರೆಯನ್ನೇ ನೋಡುತ್ತಿದ್ದರು. "ಇನ್ನೂ ಐತೆ ಕಣವ್ವ" ಅಂದರು.

ಅಜ್ಜಿ ಕಡೆಯವರೆಗೂ ಕಿವಿ ಕೊಟ್ಟು ಕೂತಿದ್ದಳು. ದೀಪ ಹತ್ತಿ, ಎಲ್ಲರೂ ಎದ್ದು, ಸೀಟುಗಳು ಪಟಪಟ ಮಡಚಿಕೊಂಡರೂ ಅವಳು ಏಳಲಿಲ್ಲ. ನಾನು ಬರುವ ರೀಲು ತುಂಡಾಗಿದೆಯಂತೆ, ಇನ್ನೊಂದು ದಿನ ಬರೋಣ ಅಂತ ಮಗ ಹೇಳಿ ಎಬ್ಬಿಸಿದರು. ದಾರಿಯುದ್ದಕ್ಕೂ ನಾನು ಗಾಡಿಯ ಹಿಂದೆ ಕಾಲು ಇಳಿಬಿಟ್ಟು ಕೂತಿದ್ದೆ. ಮನೆಗೆ ಬಂದು ಎತ್ತು ಬಿಚ್ಚುವಾಗ ಯಜಮಾನರು ಕೇಳಿದರು.

"ಮೇಷ್ಟ್ರೆ, ಬ್ಯಾರೆಯವ್ರ ದನಿ ಆಕವ್ರೆ, ಓಗ್ಲಿ ಬುಡಿ. ನಮ್ಮೋರೂ ನಕ್ಕುದ್ರಲ್ಲ, ಅದ್ಯಾಕೆ?"

ಅವರಿಗೆ ಸಿಟ್ಟು ಬಂದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅವರು ನಿಜವಾಗಿಯೂ ಉತ್ತರ ಬೇಕು ಅಂತ ಕೇಳಿದ್ದರು.

ಮಾರನೆಯ ದಿನ ಸ್ಕೂಲು ಬಿಟ್ಟ ಮೇಲೆ ನನ್ನನ್ನು ಕರೆದುಕೊಂಡು ಟಾಕೀಸಿನ ಮ್ಯಾನೇಜರನ್ನು ನೋಡಲು ಹೋದರು. ಮ್ಯಾನೇಜರು ವಯಸ್ಸಾದ ಸಾಯಬರು, ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಇಬ್ಬರಿಗೂ ಹಳೆಯ ಪರಿಚಯ. ಯಜಮಾನರು ವಿಷಯ ಹೇಳಿ, ನನ್ನ ಮುಖ ಬಂದಾಗ ಸೌಂಡ್ ನಿಲ್ಲಿಸಬೇಕು, ಮಾತು ನಾನೇ ಹೇಳಿಕೊಳ್ಳುತ್ತೇನೆ ಅಂದರು. ಸಾಯಬರು ನಕ್ಕುಬಿಟ್ಟರು. ಜನ ಸೀಟು ಮುರಿಯುತ್ತಾರೆ ಗೌಡ್ರೇ, ಮಾಲೀಕರಿಗೆ ನಾನು ಏನು ಹೇಳಲಿ ಅಂದರು. ಯಜಮಾನರು ಬೇರೇನೂ ವಾದ ಮಾಡಲಿಲ್ಲ.

"ಒಂದ್ ತುತ್ತು ನುಂಗೋ ಒತ್ತು ಸಾಯಬ್ರೆ. ನಮ್ಮವ್ವ ಕೇಳ್ಬೇಕು ಅಂತ ಬಂದಿದ್ಲು. ಅವ್ಳೂ ನಕ್ಬುಟ್ಲು."

ಸಾಯಬರ ನಗು ನಿಂತಿತು. ಬೀಡಿ ಎಸೆದು ಮೇಲೆ ಹೋದರು, ಆಪರೇಟರ್ ಜೊತೆ ಮಾತಾಡಿ ಇಳಿದು ಬಂದರು. ಗುರುವಾರ ಮ್ಯಾಟ್ನಿಗೆ ಜನ ಇರುವುದಿಲ್ಲ, ಅಮ್ಮಾನ ಅವತ್ತು ಕರ್ಕೊಂಬನ್ನಿ ಅಂದರು.

ಗುರುವಾರ ನಾನು ಸಿ.ಎಲ್. ಹಾಕಿದೆ. ಮತ್ತೆ ಅದೇ ಗಾಡಿ, ಅದೇ ಜಮಖಾನ. ಈ ಸಲ ನಮ್ಮೂರಿನವರು ಯಾರೂ ಇರಲಿಲ್ಲ. ಸಂತೆಗೆ ಬಂದ ಕೆಲವರು, ಕಾಲೇಜು ತಪ್ಪಿಸಿಕೊಂಡ ಹುಡುಗರು, ನಮ್ಮ ಹಿಂದಿನ ಸಾಲಿನಲ್ಲಿ ಮಗು ಮಲಗಿಸಿಕೊಂಡು ಕೂತ ಒಬ್ಬ ಹೆಂಗಸು. ಯಜಮಾನರು ಕತೆ ಹೇಳುತ್ತಿರಲಿಲ್ಲ, ಸುಮ್ಮನೆ ಕೂತಿದ್ದರು. ಎತ್ತು ಕಾಣಿಸಿದ ಕೂಡಲೇ ಎದ್ದು ನಿಂತರು.

ಸೌಂಡ್ ನಿಂತಿತು. ಮುಂದಿನಿಂದ ಹುಡುಗರು ಸೌಂಡು ಸೌಂಡು ಅಂತ ಕೂಗಿದರು. ತೆರೆಯ ಮೇಲೆ ಇವರ ಬಾಯಿ ತೆರೆಯಿತು. ಕತ್ತಲಲ್ಲಿ ನಿಂತಿದ್ದ ಯಜಮಾನರು ಗದ್ದೆಯಲ್ಲಿ ಕೂಗುವ ಆ ದನಿಯಲ್ಲಿ ಆ ಮಾತನ್ನು ಹೇಳಿದರು. ತುಟಿಗಿಂತ ಮಾತು ಒಂದಿಷ್ಟು ಮುಂದೆ ಹೋಯಿತು. ಕೊನೆಗೆ "ಉಣ್ದೆ ಕೂತವ್ಳೆ" ಅನ್ನುವಷ್ಟರಲ್ಲಿ ಎರಡೂ ಕೂಡಿಕೊಂಡವು. ಕೂಗುತ್ತಿದ್ದ ಹುಡುಗರು ನಿಲ್ಲಿಸಿದರು. ಒಂದಿಬ್ಬರು ತಿರುಗಿ ನೋಡಿದರು. ಯಾರೂ ನಗಲಿಲ್ಲ. ತೆರೆಯ ಮೇಲೆ ಹೀರೋ ತಲೆ ತಗ್ಗಿಸಿ ನಿಂತಿದ್ದ. ನಮ್ಮ ಹಿಂದೆ ಕೂತಿದ್ದ ಹೆಂಗಸು ತನ್ನಷ್ಟಕ್ಕೆ, "ಓಗ್ಬಾರ್ದಾ ಮನ್ಗೆ" ಅಂದಳು. ಸೌಂಡ್ ಮತ್ತೆ ಬಂತು, ಒಂದು ಹಾಡು ಶುರುವಾಗಿತ್ತು.

ಯಜಮಾನರು ಕೂತರು. ಹಟ್ಟಿಯಲ್ಲಿ ಯಾವ ಹಸು ಎದ್ದಿತೆಂದು ತಿಳಿಯುವ ಅಜ್ಜಿಗೆ ಮಾತು ತೆರೆಯಿಂದ ಬಂತೋ ಪಕ್ಕದಿಂದ ಬಂತೋ ತಿಳಿಯದೆ ಇರುವುದಿಲ್ಲ. ಸಿನಿಮಾ ಮುಗಿಸಿಕೊಂಡು ಗಾಡಿಯಲ್ಲಿ ಕೂತು, ಪಟ್ಟಣ ದಾಟಿದ ಮೇಲೆ ಹೇಳಿದಳು:

"ಮನೇಲಿ ಆಡೋ ಮಾತ್ನೇ ಆಡಿದ್ದೀಯ ಕಣ್ಲಾ. ಇದ್ಕೆ ನನ್ನ ಎಲ್ಡ್ ಸಲ ಗಾಡಿ ಅತ್ತುಸ್ಬೇಕಿತ್ತಾ?"

ಯಜಮಾನರು ನಕ್ಕರು. ಭಾನುವಾರದಿಂದ ಅವರು ನಕ್ಕಿದ್ದು ಅದೇ ಮೊದಲು. ಎತ್ತುಗಳನ್ನು ಗದರಿಸುವ ನೆಪದಲ್ಲಿ ಮುಖ ಆ ಕಡೆ ತಿರುಗಿಸಿಕೊಂಡರು.

ಮರುವರ್ಷ ಇನ್ನೊಂದು ಕಂಪನಿಯವರು ಬಂದು ಗಾಡಿ ಕೇಳಿದರು, ಜೊತೆಗೆ ಒಂದು ಸಣ್ಣ ಪಾತ್ರವೂ ಇದೆ ಅಂದರು. ಬೇಕಾದರೆ ಎತ್ತುಗಳನ್ನು ಕರೆದುಕೊಂಡು ಹೋಗಿ, ಅವಕ್ಕೆ ಬೇರೆಯವರು ಮಾತಾಡುವುದಿಲ್ಲ ಅಂತ ಯಜಮಾನರು ಹೇಳಿ ಕಳಿಸಿದರು. ಸಿನಿಮಾ ನೋಡುವುದನ್ನೇನೂ ಬಿಡಲಿಲ್ಲ. ನನಗೆ ನಾಗಮಂಗಲ ತಾಲ್ಲೂಕಿಗೆ ವರ್ಗವಾಗುವವರೆಗೂ ಭಾನುವಾರದ ಮ್ಯಾಟ್ನಿ ನಡೆದೇ ಇತ್ತು. ಅಜ್ಜಿ ಅದಕ್ಕೆ ಮೊದಲೇ ತೀರಿಕೊಂಡಿದ್ದಳು. ಆಮೇಲೆ ಅವರು ಟಾಕೀಸಿನಲ್ಲಿ ಕಣ್ಣು ಮುಚ್ಚುವುದು ನಿಂತಿತು. ಕತೆ ಕೇಳುವವರು ಇರಲಿಲ್ಲವಲ್ಲ...

ವರ್ಗವಾದ ಮೇಲೆ ಮದುವೆ, ಮಕ್ಕಳು, ಓಡಾಟ. ಒಂದೆರಡು ಸಲ ಹೋಗಿ ಬಂದೆ. ಆ ದಶಕ ಮುಗಿಯುವ ಹೊತ್ತಿಗೆ ಅವರು ಹೋದ ಸುದ್ದಿ ಬಂತು. ಗದ್ದೆಗೆ ನೀರು ಕಟ್ಟಲು ಹೋದವರು ಬದುವಿನ ಮೇಲೆ ಕುಸಿದರಂತೆ. ನನಗೆ ತಿಳಿಯುವುದರೊಳಗೆ ತಿಥಿಯೂ ಮುಗಿದಿತ್ತು. ಹೋದಾಗ ಮಗಳು ಕಾಫಿ ಕೊಟ್ಟಳು. ಅವಳಿಗೆ ಆಗಲೇ ಮದುವೆಯಾಗಿ ಕಂಕುಳಲ್ಲಿ ಕೂಸಿತ್ತು.

"ಮೇಷ್ಟ್ರೆ, ನಿಮ್ತಾವ ಟೇಪ್ ರೆಕಾಡ್ರು ಇತ್ತಲ್ಲ," ಅಂದಳು. "ಅಪ್ಪನ್ ಮಾತು ಯಾವ್ದಾರ ಕ್ಯಾಸೆಟ್ನಲ್ಲಿ ಇಡ್ದಿದ್ರಾ?"

ಇಲ್ಲಮ್ಮ ಅಂದೆ. ರೇಡಿಯೋದಲ್ಲಿ ಬಂದ ಹಾಡುಗಳನ್ನೆಲ್ಲ ಹಿಡಿದಿಟ್ಟಿದ್ದೆ. ಗೋಡೆಯ ಆಚೆ ಬೆಳಗಿನಿಂದ ಸಂಜೆಯವರೆಗೆ ಕೇಳುತ್ತಿದ್ದ ದನಿಯನ್ನು ಹಿಡಿದಿಡಬೇಕು ಅಂತ ಯಾರಿಗೆ ಹೊಳೆಯುತ್ತದೆ? ಆ ಸಿನಿಮಾ ಸಿಗುತ್ತದಲ್ಲ ಅಂತ ಅವಳ ಗಂಡ ಏನೋ ಹೇಳಲು ಹೋದ. ಅವಳು ಅವನ ಕಡೆ ನೋಡಿದಳು.

ಈಗಿನ ಸಿನಿಮಾಗಳಲ್ಲಿ ನಮ್ಮ ಮಾತು ಧಾರಾಳವಾಗಿ ಕೇಳುತ್ತದೆ. ಹೀರೋನೇ ಆಡುತ್ತಾನೆ, ಮೈಸೂರಿನ ಮಾಲುಗಳಲ್ಲಿ ಶಿಳ್ಳೆ ಬೀಳುತ್ತದೆ. ನನಗೆ ಅದರಲ್ಲಿ ಕೆಲವು ಇಷ್ಟ. ತೆಗೆಯುವಾಗಲೇ ದನಿ ಹಿಡಿಯುವ ಚಿತ್ರಗಳು ಬಂದಿವೆ, ಅವುಗಳಲ್ಲಿ ಮನುಷ್ಯರು ಉಸಿರಾಡುವುದೂ ಕೇಳಿಸುತ್ತದೆ. ಉಳಿದವುಗಳಲ್ಲಿ ನಾವು ಜೋಕರುಗಳಾಗಿದ್ದವರು ಈಗ ರೌಡಿಗಳಾಗಿದ್ದೇವೆ. ಮಾತಿಗೊಂದು ಲೇ, ಉಸಿರಿಗೊಂದು ಬೈಗುಳ ಇಲ್ಲದಿದ್ದರೆ ಅದು ಮಂಡ್ಯ ಅಲ್ಲ ಅಂದುಕೊಂಡಿದ್ದಾರೆ. ಮೊದಲಿನದಕ್ಕಿಂತ ಇದು ವಾಸಿಯೋ ಅಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದ್ದವರು ಯಜಮಾನರು.

ಹೋದ ಭಾನುವಾರವೂ ಒಂದು ನೋಡಿ ಬಂದೆ. ಚೆನ್ನಾಗಿತ್ತಾ ಅಂತ ಹೆಂಡತಿ ಕೇಳಿದಳು. ಫೋಟೋಗ್ರಫಿ ಚೆನ್ನಾಗಿತ್ತು ಅಂದೆ. ಮಾತು ಹೇಗಿತ್ತು ಅಂತ ಕೇಳುವವರು ಈಗ ಯಾರೂ ಇಲ್ಲ.